ಸಹಕಾರ ಸಚಿವರಿಗೆ ಬಹಿರಂಗ ಪತ್ರ: ಎಫ್‌ಡಿ ರಸೀದಿಯಲ್ಲಿ ಇಲ್ಲದ ಒಂದು ಸಾಲು

ಮಾನ್ಯ ಸಹಕಾರ ಸಚಿವರೇ,

ಯಾವುದಾದರೂ ಪತ್ತಿನ ಸಹಕಾರ ಸಂಘದ ಎಫ್‌ಡಿ ರಸೀದಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಸಂಘದ ಹೆಸರು, ಠೇವಣಿದಾರರ ಹೆಸರು, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಬಡ್ಡಿ ದರ, ವಾಯಿದೆ ಮುಗಿಯುವ ತಾರೀಖು, ವ್ಯವಸ್ಥಾಪಕರ ಸಹಿ, ಮೊಹರು. ನೋಡಲು ಬ್ಯಾಂಕಿನ ರಸೀದಿಯಂತೆಯೇ ಇರುತ್ತದೆ. ಆದರೆ ಈ ಹಣಕ್ಕೆ ಠೇವಣಿ ವಿಮೆ ಇಲ್ಲ ಎಂಬ ಒಂದು ಸಾಲನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಆ ಸಾಲನ್ನು ಕಡ್ಡಾಯ ಮಾಡಿ ಎಂದು ಕೇಳಲು ಈ ಪತ್ರ.

ಸಹಕಾರ ಬ್ಯಾಂಕು ಬೇರೆ, ಪತ್ತಿನ ಸಂಘ ಬೇರೆ. ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನಿರ್ಬಂಧ ಹೇರಿ, ತಲಾ 35,000 ರೂಪಾಯಿಗಿಂತ ಹೆಚ್ಚು ತೆಗೆಯಬಾರದು ಎಂದಾಗ ನಿವೃತ್ತರು ಎಷ್ಟು ಪರದಾಡಿದರು ಎಂಬುದು ಬೆಂಗಳೂರಿಗೇ ಗೊತ್ತು. ಆದರೂ ಅದು ಬ್ಯಾಂಕ್ ಆಗಿತ್ತು, ಅದಕ್ಕೆ ವಿಮೆ ಇತ್ತು. 2020ರ ಫೆಬ್ರವರಿ 4ರಿಂದ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ನಿರ್ಬಂಧ ಬಿದ್ದ 90 ದಿನದೊಳಗೆ ಆ ಹಣ ಕೈಗೆ ಸಿಗಬೇಕು. ಅಸಲು, ಬಡ್ಡಿ, ಎಲ್ಲ ಶಾಖೆಗಳ ಖಾತೆ ಒಟ್ಟು ಸೇರಿಸಿ 5 ಲಕ್ಷ. ಇದು ಸಾಲದು ಎಂಬುದು ನಿಜ. ಆದರೆ ಪತ್ತಿನ ಸಂಘದಲ್ಲೋ ಬೇರೆ ಕಾಯ್ದೆಯಡಿ ನಡೆಯುವ ಸೌಹಾರ್ದ ಸಹಕಾರಿಯಲ್ಲೋ ಹಣ ಇಟ್ಟವರಿಗೆ ಈ 5 ಲಕ್ಷವೂ ಇಲ್ಲ, 5 ರೂಪಾಯಿಯೂ ಇಲ್ಲ.

ಸಂಘಗಳು ತಮ್ಮ ಹೆಸರಿನಲ್ಲಿ ‘ಬ್ಯಾಂಕ್’ ಎಂದು ಬಳಸುವಂತಿಲ್ಲ, ಅವುಗಳಿಗೆ ಠೇವಣಿ ವಿಮೆಯೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಆ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಬಂದು ಹೋಯಿತು. ಸಂಘದ ಕೌಂಟರಿಗೆ ಅದು ತಲುಪಲೇ ಇಲ್ಲ. ಕೌಂಟರಿನಲ್ಲಿ ನಡೆಯುವುದೇ ಬೇರೆ. ಹಣ ಇಡಲು ಬಂದವರಿಂದ ಒಂದಿಷ್ಟು ಶುಲ್ಕ ಪಡೆದು ‘ನಾಮಮಾತ್ರ ಸದಸ್ಯ’ ಎಂದು ದಾಖಲಿಸಿ ಠೇವಣಿ ಸ್ವೀಕರಿಸುತ್ತಾರೆ. ಅವರಿಗೆ ಮತವೂ ಇಲ್ಲ, ಲಾಭಾಂಶವೂ ಇಲ್ಲ. ಕೇಂದ್ರದ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಸಹಕಾರ ಸಂಘಗಳ ಠೇವಣಿಗೆ ವಿನಾಯಿತಿ ಕೊಟ್ಟಿದೆ. ಆದರೆ ಮತವೇ ಇಲ್ಲದ ಈ ನಾಮಮಾತ್ರ ಸದಸ್ಯರ ಹಣ ಯಾವ ಲೆಕ್ಕಕ್ಕೆ ಸೇರುತ್ತದೆ? ತಮ್ಮ ಇಲಾಖೆ ಇದಕ್ಕೆ ಲಿಖಿತವಾಗಿ, ಸ್ಪಷ್ಟವಾಗಿ ಉತ್ತರ ಕೊಡಬೇಕು.

ಇನ್ನು ಹಣ ಕರಗುವ ಬಗೆ. ಯಾರೋ ತಿಜೋರಿ ಒಡೆದು ಹೊತ್ತೊಯ್ಯುವುದು ಅಪರೂಪ. ಬಹುತೇಕ ಸಂಘಗಳು ಮುಳುಗುವುದು ಮಾರ್ಚ್ ಕೊನೆಯ ವಾರದಲ್ಲಿ, ಕಾಗದದ ಮೇಲೆ. ನಿರ್ದೇಶಕರ ಆಪ್ತರೊಬ್ಬರಿಗೆ ಶೇ 14ರ ಬಡ್ಡಿಗೆ 1 ಕೋಟಿ ಸಾಲ ಕೊಟ್ಟಿದ್ದಾರೆ ಎಂದುಕೊಳ್ಳಿ. ವರ್ಷವಾದರೂ ಬಡ್ಡಿ ಬಂದಿಲ್ಲ. ಹಾಗೇ ಬಿಟ್ಟರೆ ಅದು ಸುಸ್ತಿ ಸಾಲವಾಗಿ ಪಟ್ಟಿ ಸೇರುತ್ತದೆ, ಲಾಭದಲ್ಲಿ ಒಂದು ಪಾಲು ತೆಗೆದಿಡಬೇಕಾಗುತ್ತದೆ, ಮಹಾಸಭೆಯಲ್ಲಿ ಪ್ರಶ್ನೆ ಏಳುತ್ತದೆ. ಆದ್ದರಿಂದ ಮಾರ್ಚ್ 28ಕ್ಕೋ 29ಕ್ಕೋ ಮತ್ತೊಬ್ಬರ ಹೆಸರಿನಲ್ಲಿ 14 ಲಕ್ಷದ ಹೊಸ ಸಾಲ ಮಂಜೂರಾಗುತ್ತದೆ. ನಗದು ಕೈ ಬದಲಾಯಿಸುವುದಿಲ್ಲ. ಒಂದು ಟ್ರಾನ್ಸ್‌ಫರ್ ವೋಚರ್ ಬರೆದು ಆ ಮೊತ್ತವನ್ನು ಹಳೆಯ ಸಾಲದ ಬಡ್ಡಿಗೆ ಜಮಾ ಮಾಡುತ್ತಾರೆ. ಪುಸ್ತಕದಲ್ಲಿ 14 ಲಕ್ಷ ಆದಾಯ! ಅದರ ಮೇಲೆ ಲಾಭಾಂಶ ಘೋಷಣೆ, ವಾರ್ಷಿಕ ವರದಿಯಲ್ಲಿ ಅಧ್ಯಕ್ಷರ ಬಣ್ಣದ ಫೋಟೊ. ಮರುವರ್ಷ 1 ಕೋಟಿ 14 ಲಕ್ಷಕ್ಕೆ ಬಡ್ಡಿ ಹೊಂದಿಸಬೇಕು, ಅಂದರೆ 15 ಲಕ್ಷ 96 ಸಾವಿರ. ಹೀಗೇ 5 ವರ್ಷ ಸಾಗಿದರೆ 1 ಕೋಟಿಯ ಸಾಲ 1 ಕೋಟಿ 92 ಲಕ್ಷ ದಾಟುತ್ತದೆ. ಒಂದು ರೂಪಾಯಿಯೂ ವಾಪಸು ಬಂದಿರುವುದಿಲ್ಲ. ಬಂದಂತೆ ತೋರಿಸಿ ಹಂಚಿದ ಲಾಭಾಂಶ, ಹಳಬರಿಗೆ ಕೊಟ್ಟ ಬಡ್ಡಿ ಎಲ್ಲವೂ ಹೊಸ ಠೇವಣಿದಾರರ ಹಣ. ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟು ಜಾಸ್ತಿ ಎಂಬ ಫಲಕ ಬಾಗಿಲಲ್ಲಿ ತೂಗುವುದು ಎಷ್ಟೋ ಕಡೆ ಈ ಹೊಸ ಹಣಕ್ಕಾಗಿಯೇ.

ಮುಂಬೈಯ ಪಿಎಂಸಿ (ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರ) ಬ್ಯಾಂಕಿನಲ್ಲಿ ಒಂದೇ ಬಿಲ್ಡರ್ ಗುಂಪಿನ ಸಾಲವನ್ನು 21,049 ನಕಲಿ ಖಾತೆಗಳ ಹಿಂದೆ ಮರೆಮಾಡಿದ್ದು 2019ರಲ್ಲಿ ಬಯಲಾಯಿತು. ಅಲ್ಲಿ ರಿಸರ್ವ್ ಬ್ಯಾಂಕಿನ ತಪಾಸಣೆ ಇದ್ದೂ ಹೀಗಾಯಿತು. ನಮ್ಮ ಸಂಘಗಳಲ್ಲಿ ನೋಡುವವರೆಂದರೆ ವರ್ಷಕ್ಕೊಮ್ಮೆ ಬರುವ ಲೆಕ್ಕಪರಿಶೋಧಕರು ಮಾತ್ರ. ಅವರನ್ನು ಇಲಾಖೆಯ ಪಟ್ಟಿಯಿಂದ ಆರಿಸುವುದು ಮಹಾಸಭೆ, ಶುಲ್ಕ ಕೊಡುವುದೂ ಅದೇ ಸಂಘ.

ಈ ಆಟವನ್ನು ಹಿಡಿಯಲು ದೊಡ್ಡ ತಂತ್ರಾಂಶವೇನೂ ಬೇಡ. ಮಾರ್ಚ್ 20ರಿಂದ 31ರವರೆಗೆ ಮಂಜೂರಾದ ಎಲ್ಲ ಸಾಲಗಳ ಪಟ್ಟಿ ತೆಗೆಸಿ, ಪ್ರತಿಯೊಂದರ ಹಣ ಅದೇ ದಿನ ಯಾವ ಖಾತೆಗೆ ಹೋಯಿತು ಎಂದು ದಿನದ ಲೆಕ್ಕದ ಪುಸ್ತಕವಾದ ಡೇ ಬುಕ್‌ನಲ್ಲಿ ನೋಡಿದರೆ ಸಾಕು. ಮತ್ತೊಂದು ಸಾಲದ ಖಾತೆಗೆ ಹೋಗಿದ್ದರೆ ಎರಡೂ ಸಾಲವನ್ನು ಸುಸ್ತಿ ಎಂದೇ ಎಣಿಸಬೇಕು. ಠೇವಣಿ ಮೇಲಿನ ಸಾಲಗಳಿಗೆ ಅಡವಿಟ್ಟ ಮೂಲ ರಸೀದಿ ಕಡತದಲ್ಲಿ ಇದೆಯೇ ಎಂದು ಕಣ್ಣಾರೆ ನೋಡಬೇಕು. ಏಕೆಂದರೆ ಠೇವಣಿದಾರರಿಗೇ ತಿಳಿಯದೆ ಅವರ ಎಫ್‌ಡಿ ಮೇಲೆ ಸಾಲ ಎತ್ತುವುದೂ ಉಂಟು. 1959ರ ಸಹಕಾರ ಸಂಘಗಳ ಕಾಯ್ದೆಯ 64ನೇ ಪ್ರಕರಣದ ವಿಚಾರಣೆ, 69ನೇ ಪ್ರಕರಣದ ಅಧಿಭಾರ (ನಷ್ಟವನ್ನು ಹೊಣೆಗಾರರಿಂದಲೇ ವಸೂಲು ಮಾಡುವುದು), ಎರಡೂ ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಕೈಯಲ್ಲಿವೆ. ಕಷ್ಟವೆಂದರೆ ಅವು ಹೊರಬರುವಷ್ಟರಲ್ಲಿ ನಿರ್ದೇಶಕರ ಆಸ್ತಿ ಸಂಬಂಧಿಕರ ಹೆಸರಿಗೆ ಹೋಗಿರುತ್ತದೆ.

ಪಿಗ್ಮಿಯ ಮಾತು ಬೇರೆಯೇ ಆಡಬೇಕು. 1928ರಲ್ಲಿ ಕರಾವಳಿಯಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಉಳಿತಾಯ ಇದು. ಹೂವಿನವರು, ತರಕಾರಿ ಗಾಡಿಯವರು ಇವತ್ತಿಗೂ ದಿನಾ 50, 100 ಕಟ್ಟುತ್ತಾರೆ. ಏಜೆಂಟರ ಕೈಯಲ್ಲಿರುವ ಯಂತ್ರ ಚೀಟಿ ಕೊಡುತ್ತದೆ, ಆದರೆ ಆ ನಮೂದು ಸಂಘದ ಕಂಪ್ಯೂಟರಿಗೆ ಸೇರಿತೇ ಎಂದು ಕಟ್ಟಿದವರಿಗೆ ತಿಳಿಯುವುದಿಲ್ಲ. ಥರ್ಮಲ್ ಕಾಗದದ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಜಗಳ ಬಂದಾಗ ತೋರಿಸಲು ಉಳಿಯುವುದು ಬಿಳಿ ಕಾಗದ. ಹಣ ಸಂಘದ ಖಾತೆಗೆ ಜಮಾ ಆದ ಮೇಲೆ ಸಂಘದಿಂದಲೇ ನೇರವಾಗಿ, ಕನ್ನಡದಲ್ಲಿ ಎಸ್‌ಎಂಎಸ್ ಹೋಗಬೇಕು. ಏಜೆಂಟರ ಯಂತ್ರದಿಂದ ಹೋದರೆ ಉಪಯೋಗವಿಲ್ಲ.

ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಹುಟ್ಟಿತು ಎಂದು ಪ್ರತಿ ಸಹಕಾರ ಸಪ್ತಾಹದಲ್ಲಿ ಹೇಳುತ್ತೇವೆ. ಅಲ್ಲಿ ಸಾಲಗಾರ ಯಾರು, ಅವರ ಹೊಲ ಎಲ್ಲಿದೆ ಎಂಬುದು ಇಡೀ ಊರಿಗೆ ತಿಳಿದಿತ್ತು. ಇಂದು ಹತ್ತಾರು ಶಾಖೆಯ ಸಂಘದಲ್ಲಿ ಠೇವಣಿದಾರರಿಗೆ ಅದು ತಿಳಿಯುವ ದಾರಿಯೇ ಇಲ್ಲ.

ಆದ್ದರಿಂದ ನಿಬಂಧಕರ ಮೂಲಕ ಒಂದು ಸುತ್ತೋಲೆ ಹೊರಡಿಸಿ. ರಸೀದಿಯ ಮುಂಬದಿಯಲ್ಲಿ, ಮೊತ್ತ ಬರೆದಷ್ಟೇ ದಪ್ಪ ಅಕ್ಷರದಲ್ಲಿ ‘ಈ ಠೇವಣಿಗೆ ವಿಮೆ ಇಲ್ಲ’ ಎಂದಿರಲಿ. ಪ್ರತಿ ಶಾಖೆಯ ಕೌಂಟರಿನಲ್ಲಿ ಒಟ್ಟು ಸಾಲ ಎಷ್ಟು, ಸುಸ್ತಿ ಎಷ್ಟು, ನಿರ್ದೇಶಕರಿಗೂ ಅವರ ಕುಟುಂಬಕ್ಕೂ ಕೊಟ್ಟ ಸಾಲ ಎಷ್ಟು ಎಂಬ ಮೂರು ಅಂಕಿಗಳನ್ನು ಮೂರು ತಿಂಗಳಿಗೊಮ್ಮೆ ಬರೆದು ಹಾಕಲಿ. ಸೌಹಾರ್ದಗಳ ಕಾಯ್ದೆ ಬೇರೆ ಎಂಬ ನೆಪಕ್ಕೆ ಎಡೆಯಾಗದಂತೆ ಅವುಗಳ ರಾಜ್ಯಮಟ್ಟದ ಒಕ್ಕೂಟವಾದ ಸಂಯುಕ್ತ ಸಹಕಾರಿಗೂ ಅದೇ ನಿರ್ದೇಶನ ಹೋಗಲಿ. ಇದು ಬರುವ ಮಾರ್ಚ್ 20ರೊಳಗೆ ಎಲ್ಲ ಶಾಖೆಗಳ ಗೋಡೆ ಮೇಲೆ ಇರಬೇಕು.

ಇಂತಿ,
ಸಹಕಾರ ಸಂಘಗಳ ಲೆಕ್ಕಪತ್ರ ಬಲ್ಲ ಒಬ್ಬ ನಾಗರಿಕ