ಆ ರಾತ್ರಿ ಪಾಳಿಯ ಸಿಸ್ಟರ್‌ಗೆ

ನಿಮ್ಮ ಹೆಸರು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ನಾನಿರಲಿಲ್ಲ.

ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಕಾಯಿಲೆ ಇರುವವರಿಗೆ ಹೊಟ್ಟೆನೋವು ಹೊಸದಲ್ಲ, ಅಲ್ವಾ? ಅದಕ್ಕೇ ಎರಡು ದಿನ ಸುಮ್ನೆ ಹಲ್ಲು ಕಚ್ಚಿಕೊಂಡಿದ್ದೆ. ಆಸ್ಪತ್ರೆಗೆ ಬಂದಾಗಲೂ 'ಮಾಮೂಲಿ ಕರುಳಿನ ನೋವು' ಅಂತ ನಾನೇ ಹೇಳಿದೆ. ನೀವು ಒಪ್ಪಲಿಲ್ಲ. ನೋವು ಎಲ್ಲಿ, ಬೆನ್ನಿಗೂ ಹೋಗುತ್ತಾ, ಮುಂದಕ್ಕೆ ಬಗ್ಗಿದರೆ ಹಗುರ ಆಗುತ್ತಾ ಅಂತ ಕೇಳಿದಿರಿ. ಮೇಲ್ಹೊಟ್ಟೆ ಅಂದೆ. ಉಳಿದೆರಡಕ್ಕೂ ಹೌದು ಅಂದೆ. ಆಮೇಲೆ ಇನ್ನೊಂದು ಪ್ರಶ್ನೆ: 'ಇತ್ತೀಚೆಗೆ ಹೊಸ ಮಾತ್ರೆ ಏನಾದರೂ ಶುರುವಾಗಿದೆಯಾ?'

ಕ್ರೋನ್ಸ್‌ಗೆ ಕೊಡುವ ಅಜಾಥಿಯೋಪ್ರಿನ್ ಮಾತ್ರೆ ಶುರುವಾಗಿ 3 ವಾರವಾಗಿತ್ತು.

ತಕ್ಷಣ ಡಾಕ್ಟರಿಗೆ ಹೇಳಿ ಲೈಪೇಸ್ ಅನ್ನುವ ರಕ್ತ ಪರೀಕ್ಷೆ ಬರೆಸಿದಿರಿ. ರಕ್ತದಲ್ಲಿ ಆ ಕಿಣ್ವ ಮಾಮೂಲಿ ಮಿತಿಯ 3 ಪಟ್ಟು ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಬಲವಾದ ಸುಳಿವಂತೆ. ನನ್ನದು ಅದನ್ನೂ ಮೀರಿತ್ತು. ಕ್ರೋನ್ಸ್ ಇರುವವರಲ್ಲಿ ಪಿತ್ತಕೋಶದ ಕಲ್ಲು ಜಾಸ್ತಿ, ಅದೂ ಕಾರಣವಾಗಬಹುದು ಅಂತ ಸ್ಕ್ಯಾನ್ ಮಾಡಿದರು. ಕಲ್ಲು ಇರಲಿಲ್ಲ.

ಈ ಮಾತ್ರೆಯಿಂದ ಹೀಗಾಗುವುದು ಸಾಮಾನ್ಯವಾಗಿ ಮೊದಲ ತಿಂಗಳಲ್ಲೇ. ಡೋಸ್ ಜಾಸ್ತಿ ಆಯಿತು ಅಂತಲ್ಲ, ಕೆಲವರ ಮೈಗೆ ಅದು ಒಗ್ಗುವುದಿಲ್ಲ. ನಿಲ್ಲಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಮತ್ತೆ ಶುರು ಮಾಡುವ ಹಾಗಿಲ್ಲ.

ಬೆಳಗಿನ ಮಾತ್ರೆ ನನ್ನ ಬ್ಯಾಗಿನಲ್ಲೇ ಇತ್ತು! ನೀವು ಕೇಳದಿದ್ದರೆ ಖಂಡಿತ ನುಂಗಿಬಿಡುತ್ತಿದ್ದೆ. ಅದನ್ನು ತೆಗೆದಿಟ್ಟು, ಔಷಧಿ ಪಟ್ಟಿಯ ಮೇಲೆ ಕೆಂಪು ಶಾಯಿಯಲ್ಲಿ 'ಕೊಡಬೇಡಿ' ಅಂತ ಬರೆದಿರಿ.

ಡಿಸ್ಚಾರ್ಜ್ ದಿನ ನಿಮ್ಮನ್ನು ಹುಡುಕಿದೆ. ಪಾಳಿ ಬದಲಾಗಿತ್ತಂತೆ. ಆ ಪಟ್ಟಿಯ ನಕಲು ಕೇಳಿ ಪಡೆದೆ, ಈಗ ನನ್ನ ಫೈಲಿನ ಮೊದಲ ಹಾಳೆ ಅದೇ. ಥ್ಯಾಂಕ್ಸ್, ಸಿಸ್ಟರ್.