ಹವಾಯಿ ಬೇಕಾಗಿದ್ದು ಯಾರಿಗೆ?

ಪ್ರೀತಿಯ ತಂಗಿಗೆ,

ನಿನ್ನ ಕರಡು ಓದಿದೆ. 'ಮಾರುಕಟ್ಟೆಯ ಹಸಿವಿನಿಂದ ಅಮೆರಿಕ ದ್ವೀಪಗಳನ್ನು ನುಂಗಿತು' ಎಂಬ ಮೊದಲ ವಾಕ್ಯವನ್ನು ಹೊಡೆದುಹಾಕು. ಅದು ಸುಳ್ಳು ಅಂತಲ್ಲ, ಅದರಲ್ಲಿ ಮನುಷ್ಯರೇ ಇಲ್ಲ. 'ಅಮೆರಿಕ' ಎಂದು ಬರೆದ ಕಡೆಯೆಲ್ಲ ಪೆನ್ಸಿಲಿನಿಂದ ಗೆರೆ ಎಳೆದು, ಅಲ್ಲಿ ಒಬ್ಬ ವ್ಯಕ್ತಿಯನ್ನೋ ಗುಂಪನ್ನೋ, ಜೊತೆಗೊಂದು ತಾರೀಖನ್ನೋ ಕೂರಿಸಲು ಆಗುತ್ತದೆಯೇ ನೋಡು. ಆಗದಿದ್ದರೆ ಅಲ್ಲಿ ಇನ್ನೂ ಓದಬೇಕು ಅಂತ ಅರ್ಥ.

ಹವಾಯಿ, ಪೋರ್ಟೊರಿಕೊ, ಗುವಾಮ್, ಫಿಲಿಪೀನ್ಸ್ ನಾಲ್ಕನ್ನೂ ಒಂದೇ ಲೇಖನಕ್ಕೆ ತುರುಕಿದ್ದೀಯ. ಹವಾಯಿಯನ್ನು ಮಾತ್ರ ಉಳಿಸಿಕೋ. ಯಾರ ಆಸೆ ಯಾವಾಗ ಬಂದು ಸೇರಿತು ಎಂಬುದು ಅಲ್ಲಿ ತಾರೀಖು ಸಮೇತ ಸಿಗುತ್ತದೆ.

ಸಕ್ಕರೆಯಿಂದ ಶುರುಮಾಡು. 1875ರ ಒಪ್ಪಂದದ ನಂತರ ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕಕ್ಕೆ ಹೋಗತೊಡಗಿತು, ಕಬ್ಬಿನ ತೋಟಗಳು ಹಬ್ಬಿದವು. 1887ರಲ್ಲಿ ಅದನ್ನು ನವೀಕರಿಸುವಾಗ ಪರ್ಲ್ ಹಾರ್ಬರ್ ಬಳಸುವ ಹಕ್ಕನ್ನೂ ವಾಷಿಂಗ್ಟನ್ ಪಡೆದುಕೊಂಡಿತು. ಆಮೇಲೆ ಬಂದದ್ದು 1890ರ ಮೆಕಿನ್ಲಿ ಸುಂಕ ಕಾಯ್ದೆ. (ಆಗ ಸಂಸದನಾಗಿದ್ದ ಮೆಕಿನ್ಲಿಯೇ ಮುಂದೆ ಅಧ್ಯಕ್ಷನಾಗಿ ಹವಾಯಿಯನ್ನು ಸೇರಿಸಿಕೊಂಡವನು.) ಆ ಕಾಯ್ದೆ ಹೊರಗಿನ ಕಚ್ಚಾ ಸಕ್ಕರೆಯ ಸುಂಕವನ್ನೆಲ್ಲ ತೆಗೆದು, ಅಮೆರಿಕದೊಳಗಿನ ಉತ್ಪಾದಕರಿಗೆ ಪೌಂಡಿಗೆ 2 ಸೆಂಟ್ ಪ್ರೋತ್ಸಾಹಧನ ಕೊಟ್ಟಿತು. ಹವಾಯಿಯ ತೋಟದ ಒಡೆಯರಿಗಿದ್ದ ಅನುಕೂಲ ಒಂದೇ ಏಟಿಗೆ ಹೋಯಿತು. ಅಮೆರಿಕದೊಳಗೆ ಸೇರಿದರೆ ಆ 2 ಸೆಂಟ್ ತಮಗೂ ಸಿಕ್ಕೀತು ಎಂಬ ಲೆಕ್ಕ ಹುಟ್ಟಿದ್ದು ಆಗ. 1893ರ ಜನವರಿ 16ರಂದು ಅಮೆರಿಕದ 'ಬಾಸ್ಟನ್' ಯುದ್ಧನೌಕೆಯಿಂದ 160ಕ್ಕೂ ಹೆಚ್ಚು ಸಶಸ್ತ್ರ ನಾವಿಕರು ಹೊನೊಲುಲುವಿನಲ್ಲಿ ಇಳಿದರು. ಮರುದಿನ, ಅಮೆರಿಕಕ್ಕೆ ಸೇರಬಯಸಿದ್ದ ಅಲ್ಲಿನ ಬಿಳಿಯರ ಗುಂಪೊಂದು ಹವಾಯಿಯ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿತು.

ನಿನ್ನ ಕರಡು ಇಲ್ಲಿಗೇ ನಿಲ್ಲುತ್ತದೆ. ನಿಲ್ಲಬಾರದು, ಈ ವಾದಕ್ಕೆ ಎದುರು ನಿಲ್ಲುವ ಸಂಗತಿಗಳಿವೆ. ಹವಾಯಿ ಸಕ್ಕರೆಯ ದೊಡ್ಡ ಕುಳ ಕ್ಲಾಸ್ ಸ್ಪ್ರೆಕಲ್ಸ್ ವಿಲೀನವನ್ನು ವಿರೋಧಿಸಿದ. ಅಮೆರಿಕದ ಕಾನೂನು ಬಂದರೆ ತೋಟಗಳಿಗೆ ಕರಾರು ಕೂಲಿಗಳನ್ನು ತರಿಸುವ ಪದ್ಧತಿಯೇ ನಿಲ್ಲುತ್ತಿತ್ತು. ಅಧ್ಯಕ್ಷ ಕ್ಲೀವ್‌ಲ್ಯಾಂಡ್ 1893ರಲ್ಲಿ ವಿಲೀನದ ಒಪ್ಪಂದವನ್ನೇ ಸೆನೆಟ್‌ನಿಂದ ವಾಪಸ್ ತೆಗೆದುಕೊಂಡ. 1894ರಲ್ಲಿ ಪ್ರೋತ್ಸಾಹಧನ ರದ್ದಾಗಿ, ಹೊರಗಿನ ಸಕ್ಕರೆಗೆ ಮತ್ತೆ ಸುಂಕ ಬಿದ್ದು, ಹವಾಯಿಗೆ ಹಳೆಯ ಅನುಕೂಲ ಮರಳಿತು. ಹಾಗಾದರೆ 1898ರ ವಿಲೀನಕ್ಕೆ ಆ 2 ಸೆಂಟ್ ಕಾರಣವಾಗಿರಲು ಸಾಧ್ಯವಿಲ್ಲ. ಈ ವಿಷಯದಲ್ಲಿ ಬಹಳ ಜನ ಎಡವುವುದು ಇಲ್ಲೇ: 1893ರ ಕಾರಣವನ್ನು ಎತ್ತಿ 1898ಕ್ಕೆ ಅಂಟಿಸಿಬಿಡುತ್ತಾರೆ.

ನಡುವಿನ ಐದು ವರ್ಷದಲ್ಲಿ ಏನು ಬದಲಾಯಿತು ಎಂಬುದನ್ನು ವಿಸ್ತಾರವಾಗಿ ಬರೆ. ಉಗಿಹಡಗು ಕಲ್ಲಿದ್ದಲು ಮುಗಿಯುವಷ್ಟು ದೂರ ಮಾತ್ರ ಹೋಗಬಲ್ಲದು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊನೊಲುಲುವಿಗೆ ಸುಮಾರು 2,100 ನಾಟಿಕಲ್ ಮೈಲಿ, ಅಲ್ಲಿಂದ ಫಿಲಿಪೀನ್ಸಿನ ಮನಿಲಾಗೆ ಅದರ ಎರಡರಷ್ಟಕ್ಕೂ ಹೆಚ್ಚು. ಹವಾಯಿ ಕೈಯಲ್ಲಿರಬೇಕೆಂದು ಅಮೆರಿಕದ ನೌಕಾ ಚಿಂತಕ ಆಲ್ಫ್ರೆಡ್ ಮಹಾನ್ 1893ರಲ್ಲೇ ಬರೆದಿದ್ದ. 1897ರಲ್ಲಿ ಹವಾಯಿಯ ಸರ್ಕಾರ ಜಪಾನೀ ವಲಸಿಗರನ್ನು ತಡೆದಾಗ ಜಪಾನ್ 'ನಾನಿವಾ' ಯುದ್ಧನೌಕೆಯನ್ನು ಹೊನೊಲುಲುವಿಗೆ ಕಳಿಸಿತು, ವಾಷಿಂಗ್ಟನ್‌ನಲ್ಲಿ ಅದು ಭಯ ಹುಟ್ಟಿಸಿತು. ಅದೇ ವರ್ಷದ ಜೂನ್‌ನಲ್ಲಿ ಮೆಕಿನ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿದ. ಸೆನೆಟ್‌ನಲ್ಲಿ ಅದಕ್ಕೆ ಬೇಕಾದ ಮೂರನೇ ಎರಡರಷ್ಟು ಮತ ಕೂಡಿಬರಲಿಲ್ಲ. 1898ರ ಮೇ 1ರಂದು, ಅಮೆರಿಕ-ಸ್ಪೇನ್ ಯುದ್ಧದಲ್ಲಿ, ಮನಿಲಾ ಕೊಲ್ಲಿಯಲ್ಲಿದ್ದ ಸ್ಪೇನಿನ ನೌಕಾದಳ ನಾಶವಾಯಿತು, ಅಲ್ಲಿಗೆ ಹೊರಟ ಅಮೆರಿಕದ ಸೈನ್ಯದ ಹಡಗುಗಳು ಹೊನೊಲುಲುವಿನಲ್ಲೇ ಕಲ್ಲಿದ್ದಲು ತುಂಬಿಕೊಂಡವು. ಜುಲೈ 7ಕ್ಕೆ ವಿಲೀನ ಆಗಿಹೋಯಿತು. ಅದೂ ಒಪ್ಪಂದದ ಮೂಲಕ ಅಲ್ಲ, ಎರಡೂ ಸದನಗಳಲ್ಲಿ ಸರಳ ಬಹುಮತ ಸಾಕಾಗುವ ಜಂಟಿ ನಿರ್ಣಯದ ಮೂಲಕ. ಯುದ್ಧದಿಂದ ಹವಾಯಿಯ ಆಸೆ ಹುಟ್ಟಿತು ಎಂದು ಮಾತ್ರ ಬರೆಯಬೇಡ. ಆಸೆ ಹಳೆಯದು, ಯುದ್ಧದಿಂದ ಸಿಕ್ಕಿದ್ದು ದಾರಿ.

ಫಿಲಿಪೀನ್ಸ್ ವಿಷಯದಲ್ಲಿ ಮೆಕಿನ್ಲಿ ಮಂಡಿಯೂರಿ ಪ್ರಾರ್ಥಿಸಿದಾಗ ಉತ್ತರ ಹೊಳೆಯಿತು ಎಂಬ ಪ್ರಸಿದ್ಧ ಮಾತನ್ನು ಕರಡಿನ ನಡುವೆ ಕೂರಿಸಿದ್ದೀಯ. ಅದನ್ನು ತೆಗೆ. ಆಡಿದ್ದೆನ್ನಲಾದ ವರ್ಷ 1899, ಮೆಕಿನ್ಲಿ ಸತ್ತಿದ್ದು 1901, ಅದನ್ನು ತಾನೇ ಕೇಳಿದ್ದೆ ಎಂದ ಜೇಮ್ಸ್ ರಸ್ಲಿಂಗ್ ಅಚ್ಚು ಹಾಕಿಸಿದ್ದು 1903. ಇದೇ ರಸ್ಲಿಂಗ್ ಅದಕ್ಕೂ ಮೊದಲು ಲಿಂಕನ್ ಬಾಯಲ್ಲೂ ಇಂಥದೇ ಪ್ರಾರ್ಥನೆ ಹೇಳಿಸಿದ್ದ. ಯಾವುದೇ ಉದ್ಧರಣೆ ಬಳಸುವ ಮುನ್ನ ಅದನ್ನು ಆಡಿದ್ದು ಯಾವಾಗ, ಅಚ್ಚಾಗಿದ್ದು ಯಾವಾಗ ಎಂದು ಪಕ್ಕದಲ್ಲೇ ಬರೆದುಕೋ.

ನನಗೆ ತುಂಬ ನೋವಾದದ್ದು 'ಸ್ಥಳೀಯರು ಸುಮ್ಮನೆ ಒಪ್ಪಿಕೊಂಡರು' ಎಂಬ ನಿನ್ನ ಕೊನೆಯ ಸಾಲು. ಅವರು ಒಪ್ಪಿರಲಿಲ್ಲ. 1897ರಲ್ಲಿ 'ಹುಯಿ ಅಲೋಹಾ ಆಯಿನಾ' ಸಂಘದ ಗಂಡಸರೂ ಹೆಂಗಸರೂ ದ್ವೀಪದಿಂದ ದ್ವೀಪಕ್ಕೆ ತಿರುಗಿ ವಿಲೀನದ ವಿರುದ್ಧದ ಮನವಿಗೆ 21,000ಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಆಗ ಮೂಲ ಹವಾಯಿಯರ ಸಂಖ್ಯೆ, ಮಿಶ್ರ ಸಂತತಿಯವರೂ ಸೇರಿ, ಇದ್ದದ್ದೇ ಸುಮಾರು 40,000. ನಾಲ್ವರು ಪ್ರತಿನಿಧಿಗಳು ಅದನ್ನು ವಾಷಿಂಗ್ಟನ್‌ಗೆ ಒಯ್ದು ಸೆನೆಟರುಗಳನ್ನು ಕಂಡರು. ಒಪ್ಪಂದಕ್ಕೆ ಮತ ಸಾಲದೆಹೋದದ್ದರಲ್ಲಿ ಅವರ ಪಾಲೂ ಇದೆ. ಹವಾಯಿ ಭಾಷೆಯ ಬರಹಗಳನ್ನು ಓದದ ಇತಿಹಾಸಕಾರರು ಈ ಮನವಿಯನ್ನು ಎಷ್ಟೋ ಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿನ್ನ ಲೇಖನದಲ್ಲಿ ಅದನ್ನು ಜಂಟಿ ನಿರ್ಣಯಕ್ಕಿಂತ ಮೊದಲು ತಾ, ಒಂದು ಪೂರ್ತಿ ಪ್ಯಾರಾ ಕೊಡು. ತಿದ್ದಿದ ಕರಡು ಕಳಿಸು, ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಣ್ಣ