ಮಗಳಿಗೊಂದು ಪತ್ರ: ಆ ಗುಹೆ ಸುಳ್ಳಲ್ಲವ್ವ

ಮಗಳ,

ನೀ ಆ ಹರಳಿನ ಗುಹೆ ವಿಡಿಯೋ ಕಳಿಸಿ "ಅಪ್ಪ ಇದು ಎಐ ಮಾಡಿದ್ದು, ಯಾರಿಗೂ ಫಾರ್ವರ್ಡ್ ಮಾಡಬ್ಯಾಡ" ಅಂತ ಬರ್ದಿದ್ದಿ. ಬಂದದ್ದೆಲ್ಲಾ ಫಾರ್ವರ್ಡ್ ಮಾಡ್ತಾನ ಅಂತ ನನಗ ಮನ್ಯಾಗ ಹೆಸರು ಬಿದ್ದದ, ಖರೆ, ಆದ್ರ ಇದು ಮಾತ್ರ ಅಸಲಿ. ಎರಡು ಸಾಲಿನಾಗ ಹೇಳಿದ್ರ ನೀ ನಂಬಂಗಿಲ್ಲ, ಅದಕ್ಕ ಉದ್ದ ಬರೀಲಿಕ್ಕತ್ತೀನಿ, ಮೆಸ್ ಊಟ ಆದ ಮ್ಯಾಲ ಪುರುಸೊತ್ತಿಲೆ ಓದು.

ಅದು ಮೆಕ್ಸಿಕೋ ದೇಶದ ನೈಕಾ ಅನ್ನೋ ಊರಿಂದು. ಅಲ್ಲಿ ಸೀಸ, ಸತು, ಬೆಳ್ಳಿ ತೆಗೆಯೋ ಗಣಿ ಇತ್ತು. 2000ನೇ ಇಸವಿಯೊಳಗ ಅಣ್ಣತಮ್ಮ ಇಬ್ರು ಗಣಿ ಕೆಲಸಗಾರರು ಸುಮಾರು 300 ಮೀಟರ್ ಕೆಳಗ ದಾರಿ ಕೊರೆಯೋವಾಗ ಸಿಕ್ಕಿದ್ದು ಆ ಗುಹೆ. ಒಳಗ ಅಡ್ಡಾದಿಡ್ಡಿ ಬಿದ್ದಿರೋ ಬಿಳೀ ಕಂಬ ಕಂಡ್ಯಲ್ಲ, ಅವು ಜಿಪ್ಸಂ ಹರಳು, ಪಿಒಪಿ ಮಾಡ್ತಾರಲ್ಲ ಅದೇ ಜಿಪ್ಸಂ. ಕೆಲವು 11 ಮೀಟರ್ ತನಕ ಉದ್ದ, ಅಂದ್ರ ನಮ್ಮ ಓಣಿ ಕರೆಂಟ್ ಕಂಬಕ್ಕಿಂತ ಉದ್ದ, ಎಲ್ಲಕ್ಕೂ ದೊಡ್ಡದರ ತೂಕ ಸುಮಾರು 12 ಟನ್ ಇರಬಹುದು ಅಂತ ಲೆಕ್ಕ ಹಾಕ್ಯಾರ.

ಅಷ್ಟು ದೊಡ್ಡವು ಹೆಂಗ ಬೆಳೆದ್ವು ಅಂದ್ರ, ಗುಹೆ ಕೆಳಗ ಭಾಳ ಆಳದಾಗ ಕಾದ ಶಿಲಾರಸ ಅದ, ಅದು ಗುಹೆಯೊಳಗ ತುಂಬಿದ್ದ ನೀರನ್ನ 58 ಡಿಗ್ರಿಗಿಂತ ಒಂಚೂರು ಕೆಳಗ ಲಕ್ಷಾಂತರ ವರ್ಷ ಹಂಗೇ ಇಟ್ಟಿತ್ತು, ಆ ಬಿಸಿಗೆ ನೀರಿನಾಗ ಕರಗಿದ ಖನಿಜ ನಿಧಾನಕ್ಕ ಜಿಪ್ಸಂ ಆಗಿ ಕೂಡ್ತದ. ನಿಧಾನ ಅಂದ್ರ ಎಂಥಾ ನಿಧಾನ, ನೂರು ವರ್ಷಕ್ಕ ಒಂದು ಕೂದಲಿನ ದಪ್ಪಾನೂ ಬೆಳೆಯಂಗಿಲ್ಲ! ಹರಳು ಒಂದು ಮೀಟರ್ ದಪ್ಪ ಆಗಬೇಕಂದ್ರ ಹತ್ತು ಲಕ್ಷ ವರ್ಷದ ಹತ್ರ ಹತ್ರ ಬೇಕು.

ನೀ ಕೇಳಿದ್ದಿ, ಅಲ್ಲಿ ಮಂದಿ ಯಾಕ ಕಾಣಂಗಿಲ್ಲ ಅಂತ. ಹೋಗ್ಲಿಕ್ಕಾಗಂಗಿಲ್ಲ ತಾಯಿ. 58 ಡಿಗ್ರಿ ತನಕ ಸೆಕೆ, ಗಾಳಿಯೊಳಗ ನೂರಕ್ಕ ತೊಂಬತ್ತರ ಮ್ಯಾಲ ತೇವ. ನಮ್ಮ ರಾಯಚೂರ ಬಿಸಿಲಾಗ ಬೆವರು ಆರಿ ಮೈ ತಣ್ಣಗಾಗ್ತದ, ಅಲ್ಲಿ ಬೆವರು ಆರಂಗೇ ಇಲ್ಲ, ಮ್ಯಾಲ ಉಸಿರು ತೊಗೊಂಡ್ರ ಪುಪ್ಪುಸದಾಗ ನೀರು ಕೂಡ್ತದ, ಯಾಕಂದ್ರ ಆ ಗುಹೆಯೊಳಗ ಎಲ್ಲಕ್ಕೂ ತಣ್ಣಗಿರೋದು ಮನುಷ್ಯಾನ ಮೈಯೇ. ಹಂಗೇ ಹೋದ್ರ ಹತ್ತು ನಿಮಿಷ ನಿಲ್ಲೋದು ಕಷ್ಟ. ವಿಜ್ಞಾನಿಗಳು ಐಸ್ ತುಂಬಿದ ಜಾಕೆಟ್ ಹಾಕ್ಕೊಂಡು ಹೋಗಿ, ಅರ್ಧ ತಾಸಿಗೆ ಸ್ವಲ್ಪ ಹೆಚ್ಚು ಕಡಿಮಿ ಇದ್ದು ಬರ್ತಿದ್ರು.

ಈಗ ಅವ್ರಿಗೂ ಆಗಂಗಿಲ್ಲ. ಆ ಗುಹೆ ಖಾಲಿ ಇದ್ದದ್ದೇ ಗಣಿ ಪಂಪು ಹಗಲು ರಾತ್ರಿ ನೀರು ಎಳೀತಿದ್ವು ಅಂತ. 2015ರಾಗ ಗಣಿಗೆ ನೀರು ನುಗ್ಗಿ ಕೆಲಸ ನಿಂತು, ಆಮ್ಯಾಲ ಪಂಪೂ ನಿಂತು, ಗುಹೆ ಮತ್ತ ಮುಳುಗ್ತು. ಹಟ್ಟಿ ಗಣಿಯೊಳಗ ಪಂಪ್ ನೋಡ್ಕೊಂಡೇ ಸರ್ವೀಸ್ ಮುಗಿಸಿದವ ನಾನು, ಪಂಪ್ ನಿಂತದ ಅಂತ ಫೋನ್ ಬಂದ್ರ ಎದಿ ಡವಡವ ಅಂತಿತ್ತು. ಆದ್ರ ನೈಕಾದ ಸುದ್ದಿ ಓದಿ ನನಗ ಖುಷಿನೇ ಆತು ನೋಡು. ಗಾಳಿಗೆ ಬಿದ್ದ ಹರಳು ಹಾಳಾಗ್ಲಿಕ್ಕ ಶುರು ಆಗಿದ್ವಂತ, ನೀರೊಳಗಿದ್ರ ಉಳೀತಾವ, ಬೆಳೆದ್ರೂ ಬೆಳೀಬಹುದು. ಕೆಲಸ ಕಳ್ಕೊಂಡ ಗಣಿ ಮಂದಿ ಹಿಂಗ ಅನ್ನಲಿಕ್ಕಿಲ್ಲ, ಅದು ಬ್ಯಾರೆ ಮಾತು.

ಇನ್ನೊಂದು ಗಮನಿಸೀನಿ. ಇಂಥಾ ಗುಹೆ ಮೊದಲು ಕಂಡವ್ರು ಹೆಚ್ಚಾಗಿ ಹೊಟ್ಟಿಪಾಡಿಗೆ ಹೋದವ್ರೇ. ವಿಯೆಟ್ನಾಂದ ಸೋನ್ ಡೂಂಗ್ ಅದ, ಜಗತ್ತಿನಾಗ ಎಲ್ಲಕ್ಕೂ ದೊಡ್ಡ ಗುಹೆ ಅಂತಾರ, ಕೆಲವು ಕಡೆ 200 ಮೀಟರ್ ಎತ್ತರ, ಚಾವಣಿ ಕುಸಿದಲ್ಲಿ ಬಿಸಿಲು ಬಿದ್ದು ಒಳಗ ಕಾಡೇ ಬೆಳೆದದ. ಅದು ಸಿಕ್ಕಿದ್ದು ಹೋ ಖಾನ್ ಅನ್ನೋನಿಗೆ, 1990ರ ಸುಮಾರಿಗೆ, ಹೊಟ್ಟಿಪಾಡಿಗೆ ಕಾಡಿನಾಗ ಅಡ್ಡಾಡೋವಾಗ ಮಳಿ ಬಂತಂತ ಬಂಡೆಗಲ್ಲಿನ ಕೆಳಗ ನಿಂತಾಗ. ಒಳಗಿಂದ ಗಾಳಿ, ಹೊಳಿ ಸಪ್ಪಳ ಕೇಳಿ ಹೆದ್ರಿ ಒಳಗ ಹೋಗಲಿಲ್ಲ, ಮುಂದ ದಾರಿನೂ ಮರ್ತ, 2008ರಾಗ ಮತ್ತ ಹುಡುಕಿ ತೆಗೆದ. ಮರುವರ್ಷ ಬ್ರಿಟಿಷ್ ತಂಡ ಬಂದು ಅಳತಿ ಮಾಡ್ತು.

ರೊಮೇನಿಯಾದ ಮೊವೀಲೆ ಗುಹೆನೂ ಹಂಗೇ, 1986ರಾಗ ಕರೆಂಟ್ ಕಾರ್ಖಾನಿಗೆ ಜಾಗ ಪರೀಕ್ಷಾ ಮಾಡ್ಲಿಕ್ಕ ನೆಲ ತೋಡಿದವ್ರಿಗೆ ಸಿಕ್ತು. ಸುಮಾರು 55 ಲಕ್ಷ ವರ್ಷ ಹೊರಗಿನ ಸಂಪರ್ಕನೇ ಇದ್ದಿಲ್ಲಂತ. ಬಿಸಿಲಿಲ್ಲ, ಆಕ್ಸಿಜನ್ ಅರ್ಧ, ಕೊಳೆತ ತತ್ತಿ ವಾಸನಿ, ಆದ್ರೂ ಅಲ್ಲಿ ಕುರುಡು ಜೇಡ, ಜಿಗಳಿ, ನೀರಿನ ಚೇಳು ಬದುಕ್ಯಾವ, ಆ ವಾಸನಿ ಗ್ಯಾಸಿನ್ಯಾಗೇ ಬದುಕೋ ಬ್ಯಾಕ್ಟೀರಿಯಾ ಅವ್ರ ಊಟದ ಮೂಲ.

ನನಗ ಮನಸ್ಸಿಗೆ ಹತ್ತಿದ್ದು ಅಮೆರಿಕಾದ ಮ್ಯಾಮತ್ ಗುಹೆಯ ಸ್ಟೀಫನ್ ಬಿಷಪ್. ಹುಡುಗ ಗುಲಾಮ, 1838ರಾಗ ಮಾಲಕ ಅವನನ್ನ ಗೈಡ್ ಮಾಡಿ ಗುಹೆಗೆ ತಂದ. ತಳ ಇಲ್ಲದ ಹೊಂಡ ಅಂತ ಎಲ್ಲಾರೂ ಹೆದ್ರಿ ತಿರುಗೋ ಜಾಗ ಇತ್ತು, ಅದನ್ನ ದಾಟಿ ಆಚಿ ಕಡೆ ಮೈಲಿಗಟ್ಟಲೆ ದಾರಿ ಹುಡುಕಿದ. 1842ರಾಗ ನೆನಪಿನಿಂದ್ಲೇ ನಕ್ಷೆ ಬರ್ದ, ಎರಡು ವರ್ಷಕ್ಕ ಅದು ಅವನ ಹೆಸರಿನಿಂದ್ಲೇ ಅಚ್ಚಾತು. ಹೆಸರು ಬಂದ್ರೂ ಬಿಡುಗಡಿ ಸಿಕ್ಕಿದ್ದು 1856ಕ್ಕ, ಮರುವರ್ಷ ತೀರಿಕೊಂಡ. ಇವತ್ತು ಆ ಗುಹೆ 680 ಕಿಲೋಮೀಟರ್ ಮ್ಯಾಲ ಅಳತಿ ಆಗ್ಯದ, ಜಗತ್ತಿನಾಗ ಅಷ್ಟುದ್ದದ್ದು ಇನ್ನೊಂದಿಲ್ಲ.

ಸೋನ್ ಡೂಂಗ್ ಟಿಕೆಟ್ ಲಕ್ಷಗಟ್ಟಲೆ ಅದ, ಅದು ನಮಗಲ್ಲ. ನಮ್ಮ ಆಚಿ ಆಂಧ್ರದಾಗ ಬೇಲಂ ಗುಹೆ ಅದ, ಮೂರು ಕಿಲೋಮೀಟರಿಗೂ ಉದ್ದ, ಒಂದೂವರೆ ತನಕ ಲೈಟ್ ಹಾಕಿ ಮಂದಿಗೆ ಬಿಟ್ಟಾರ. ಅದರ ಬಗ್ಗೆ 1884ರಾಗ ಬರ್ದವ ಬ್ರೂಸ್ ಫುಟ್ ಅನ್ನೋ ಬ್ರಿಟಿಷ್ ಭೂವಿಜ್ಞಾನಿ, ನಮ್ಮ ಕಡೆ ಬಂಗಾರ ಸಿಗೋ ಕಲ್ಲಿನ ಪದರಕ್ಕ ಧಾರವಾಡ ಅಂತ ಹೆಸರಿಟ್ಟವನೂ ಅವನೇ. ದೀಪಾವಳಿ ಸೂಟಿಗೆ ಬಂದಾಗ ಹೋಗಿ ಬರೂಣು. ಒಳಗ ಸೆಕೆ ಭಾಳ, ಕಾಟನ್ ಅರಬಿ ತಾ, ಚಪ್ಪಲಿ ಅಲ್ಲ, ಬೂಟ್ ಹಾಕ್ಕೊಂಡು ಬಾ. ನಿಮ್ಮವ್ವ ಬರಂಗಿಲ್ಲ ಅಂತ ಕುಂತಾಳ, ನೀನೇ ಫೋನ್ ಮಾಡಿ ಒಪ್ಪಿಸು, ನನ್ನ ಮಾತು ನಡೆಯಂಗಿಲ್ಲ.

ನಿನ್ನ ಅಪ್ಪ